ಹೆಗಲಿನ ಲೆಕ್ಕ, ತಕ್ಕಡಿಯ ಲೆಕ್ಕ

ಸಂಘದ ಸಹೋದರಿಯರೇ, ಒಂದು ವಸ್ತು ಅಲುಗಾಡದೆ ನಿಂತಿದೆ ಅಂದರೆ ಅದರ ಮೇಲೆ ಬಲವೇ ಇಲ್ಲ ಅಂತಲ್ಲ. ಇರುವ ಬಲಗಳು ಒಂದಕ್ಕೊಂದು ಸರಿಹೋಗಿವೆ ಅಂತ ಅರ್ಥ. ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ಸಮತೋಲನ ಎನ್ನುತ್ತಾರೆ. ಬೇಲೆಕೇರಿ, ಬೈತಖೋಲದ ಕಡೆ ಒಣಮೀನು ತೂಗಿ ಮಾರುವವರಿಗೆ ಈ ಪಾಠದಿಂದ ದುಡ್ಡೂ ಉಳಿದೀತು.

ಮೊದಲು ಹೆಗಲು. 6 ಅಡಿ ಬಿದಿರಿನ ಗಳದ ಎರಡು ತುದಿಗೆ ಇಬ್ಬರು ಹೆಗಲು ಕೊಟ್ಟಿದ್ದಾರೆ. 30 ಕಿಲೋ ಬುಟ್ಟಿ ಮುಂದಿನವಳಿಂದ 2 ಅಡಿ, ಹಿಂದಿನವಳಿಂದ 4 ಅಡಿ ದೂರದಲ್ಲಿ ತೂಗುತ್ತಿದೆ. ಗಳದ ತೂಕ ಬಿಡೋಣ. ಯಾರಿಗೆ ಎಷ್ಟು ಭಾರ?

ಎರಡು ಹೆಗಲು ಸೇರಿ ಹೊರುವುದು ಒಟ್ಟು 30 ಆಗಬೇಕು. ಗಳ ಒಂದು ಕಡೆ ವಾಲಬಾರದು. ಅದಕ್ಕೆ ಭಾರವನ್ನು ಬುಟ್ಟಿಯಿಂದ ಇರುವ ದೂರದಿಂದ ಗುಣಿಸಿದರೆ ಎರಡೂ ಕಡೆ ಒಂದೇ ಉತ್ತರ ಬರಬೇಕು. ಮುಂದಿನವಳಿಗೆ 20, ಹಿಂದಿನವಳಿಗೆ 10 ಹಾಕಿ ನೋಡಿ: 20×2=40, 10×4=40. ಸರಿಹೋಯಿತಲ್ಲ! ಬುಟ್ಟಿ ಹತ್ತಿರ ಇದ್ದವಳಿಗೆ ಇಮ್ಮಡಿ ಭಾರ. ಬೆನ್ನು ನೋವಿನವಳು ಇದ್ದರೆ ಬುಟ್ಟಿಯನ್ನು ಅವಳಿಂದ ದೂರ ಕಟ್ಟಿ.

ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ 2200 ವರ್ಷಗಳ ಹಿಂದೆಯೇ ಬರೆದಿಟ್ಟ ನಿಯಮ ಇದು. ತಕ್ಕಡಿ ನಡೆಯುವುದೂ ಇದರಿಂದಲೇ.

ಕೊಳ್ಳುವವನ ಕೈತಕ್ಕಡಿಯ ದಂಡ ಬಟ್ಟಿನ ಕಡೆ 21 ಸೆಂಟಿಮೀಟರ್, ಮೀನಿನ ಕಡೆ 20 ಇದೆ ಅಂತ ಇಟ್ಟುಕೊಳ್ಳಿ. ಉದ್ದದ ಕಡೆಯ ತಟ್ಟೆಯನ್ನು ತುಸು ಹಗುರ ಮಾಡಿಟ್ಟರೆ ಖಾಲಿ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಈಗ 1000 ಗ್ರಾಂ ಬಟ್ಟು ಇಟ್ಟರೆ 1000×21=21000. ಅದನ್ನು 20ರಿಂದ ಭಾಗಿಸಿ: 1050. ಕಿಲೋಗೆ 50 ಗ್ರಾಂ ಒಣ ಶೆಟ್ಲಿ ಪುಕ್ಕಟೆ ಹೋಯಿತು! 20 ಕಿಲೋ ತೂಗುವಷ್ಟರಲ್ಲಿ ಒಂದು ಕಿಲೋ.

ಹಿಡಿಯುವುದು ಹೇಗೆ? ಮೀನನ್ನು ಬಟ್ಟಿನ ತಟ್ಟೆಗೆ, ಬಟ್ಟನ್ನು ಮೀನಿನ ತಟ್ಟೆಗೆ ಹಾಕಲು ಹೇಳಿ. ದಂಡ ಸರಿಯಿದ್ದರೆ ಮುಳ್ಳು ನಡುವೆಯೇ ನಿಲ್ಲುತ್ತದೆ. ಮೋಸವಿದ್ದರೆ ಮೀನಿನ ಕಡೆ ತಗ್ಗುತ್ತದೆ. ಅದೇ ಮೀನಿಗೆ ಈಗ ಸುಮಾರು 1100 ಗ್ರಾಂ ಬಟ್ಟು ಬೇಕಾಗುತ್ತದೆ. ಎರಡು ತೂಕ ಕೂಡಿಸಿ ಅರ್ಧ ಮಾಡಿದರೆ ಸುಮಾರು 1050, ಅದು ನಿಜವಾದ ತೂಕಕ್ಕೆ ತೀರಾ ಹತ್ತಿರ. ಸಿಟ್ಟು ಮಾಡುವುದು ಬೇಡ, "ಅಣ್ಣಾ, ಒಮ್ಮೆ ಅದಲುಬದಲು ಮಾಡಿ ತೂಗು" ಅಂದರೆ ಸಾಕು.

ಬಟ್ಟೇ ಹೆಚ್ಚು ತೂಕದ್ದಾಗಿದ್ದರೆ ಮಾತ್ರ ಈ ಉಪಾಯಕ್ಕೆ ಸಿಗುವುದಿಲ್ಲ. ಅದರ ಮೇಲೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ದಂಡವೇ ಇಲ್ಲ; ಅಲ್ಲಿ ಮುದ್ರೆಯಿರುವ ಒಂದು ಕಿಲೋ ಬಟ್ಟನ್ನೇ ಇಟ್ಟು ಎಷ್ಟು ತೋರಿಸುತ್ತದೆ ಅಂತ ಓದಿಕೊಳ್ಳಿ.