ಗಾರೆ ಮೆತ್ತುವ ಮುಂಚೆ ಒಂದು ಸಲ ಬನ್ನಿ

ನಮ್ಮ ನಿವೃತ್ತರ ಬಡಾವಣೆಯಲ್ಲಿ ನೀವೂ ಮನೆ ಬುಕ್ ಮಾಡಿದಿರಿ ಅಂತ ಗೊತ್ತಾಯಿತು. ತುಂಬ ಸಂತೋಷ. ಎರಡನೇ ಬ್ಲಾಕು, ಮೂರನೇ ಮಹಡಿ, ಪೂರ್ವಕ್ಕೆ ಬಾಗಿಲು. ನಮ್ಮ ಬಾಲ್ಕನಿಯಲ್ಲಿ ನಿಂತರೆ ನಿಮ್ಮ ಮನೆ ನೇರ ಎದುರಿಗೇ ಕಾಣುತ್ತದೆ. ಸದ್ಯಕ್ಕೆ ಅದು ನಾಲ್ಕು ಕಂಬ, ಮೇಲೊಂದು ಮೋಲ್ಡು, ಅದರ ಮೇಲೆ ಹಾಸಿದ ಒದ್ದೆ ಗೋಣಿಚೀಲ. ಬೆಳಿಗ್ಗೆ ಆರೂವರೆಗೆ ಒಬ್ಬ ಹುಡುಗ ಪೈಪು ಹಿಡಿದು ಬಂದು ಆ ಗೋಣಿಗಳನ್ನು ನೆನೆಸಿ ಹೋಗುತ್ತಾನೆ. ಸಂಜೆ ಮತ್ತೆ ಬರುತ್ತಾನೆ. ಕಾಂಕ್ರೀಟು ಹಾಕಿದ ಮೇಲೆ ಕಡಿಮೆ ಅಂದರೂ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ, ಆ ಗೋಣಿ ಒಣಗಬಾರದು. ಹೋದ ಭಾನುವಾರ ಹುಡುಗ ಬರಲಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಗೋಣಿಯ ಬಣ್ಣ ತಿಳಿಯಾಯಿತು, ಅಂಚು ಮೇಲಕ್ಕೆ ಸುರುಳಿ ಎದ್ದಿತು. ನಾನೇ ಮೇಸ್ತ್ರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ನೀರು ಬಿತ್ತು.

ಅದು ನಿಮ್ಮ ತಲೆಯ ಮೇಲಿನ ಸೂರು. ಆ ಫೋನ್ ನೀವು ಮಾಡಬೇಕಾದದ್ದು. ಮನೆ ಪೂರ್ತಿ ಆದಮೇಲೆ, ಬಣ್ಣ ಬಳಿದು ಕೀಲಿಕೈ ಕೊಟ್ಟಮೇಲೆ ನೋಡಿದರಾಯಿತು ಅಂತ ಕೂತಿದ್ದೀರಲ್ಲ, ಅದಕ್ಕೇ ಈ ನಾಲ್ಕು ಮಾತು ಹೇಳಬೇಕು ಅನಿಸಿತು.

ನಾವು ತಿಪಟೂರು ಬಿಟ್ಟು ಇಲ್ಲಿಗೆ, ದೇವನಹಳ್ಳಿಯ ಒಳಗಡೆಗೆ, ಬಂದು ಎರಡು ವರ್ಷವಾಯಿತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಯಜಮಾನರು ಬ್ಯಾಂಕಿನಲ್ಲಿದ್ದವರು. ಕೊಡುತ್ತೇವೆ ಅಂದ ದಿನಕ್ಕಿಂತ 14 ತಿಂಗಳು ತಡವಾಗಿ ನಮ್ಮ ಬ್ಲಾಕು ಮುಗಿಯಿತು. ಆ ಹದಿನಾಲ್ಕು ತಿಂಗಳಲ್ಲಿ ನಾವು ಇಲ್ಲಿಗೆ ಬಂದದ್ದು ಎರಡೇ ಸಲ. ನಮ್ಮ ತಪ್ಪು ಅಲ್ಲೇ ಆಗಿದ್ದು.

ಬಚ್ಚಲುಮನೆಯದು ಹೇಳುತ್ತೇನೆ ಕೇಳಿ. ಕಮೋಡಿನ ಪಕ್ಕ ಗೋಡೆಗೆ ಹಿಡಿಕೆ ಸರಳು ಇರುತ್ತದೆ ಅಂತ ಬಣ್ಣದ ಪುಸ್ತಕದಲ್ಲಿ ಚಿತ್ರ ಹಾಕಿದ್ದರು. ಇತ್ತು ಕೂಡ, ಫಳಫಳ ಹೊಳೆಯುವ ಸ್ಟೀಲಿನದು. ಒಳಗೆ ಗೋಡೆ ಮಾತ್ರ ಹಗುರ ಬ್ಲಾಕಿನದು, ಮೇಲೆ ಟೈಲ್ಸು, ಸರಳು ನಿಂತಿದ್ದು ಎರಡಿಂಚು ಮೊಳೆಯ ಮೇಲೆ. ಯಜಮಾನರು ಒಂದು ರಾತ್ರಿ ಮೈಯ ಭಾರವೆಲ್ಲ ಕೈಗೆ ಬಿಟ್ಟು ಏಳುವಾಗ ಸರಳು ಟೈಲ್ಸನ್ನೂ ಎಳೆದುಕೊಂಡು ಕೈಗೇ ಬಂತು. ದೇವರ ದಯೆ, ಪಕ್ಕೆಗೆ ಪೆಟ್ಟಾಯಿತು, ಸೊಂಟ ಮುರಿಯಲಿಲ್ಲ. ಆಮೇಲೆ ಟೈಲ್ಸು ಒಡೆದು, ಗೋಡೆ ಕೊರೆದು, ಕಾಂಕ್ರೀಟು ತುಂಬಿ ಕಬ್ಬಿಣದ ಪಟ್ಟಿ ಕೂರಿಸಬೇಕಾಯಿತು. ಅದೇ ಕೆಲಸವನ್ನು ಗಾರೆ ಮೆತ್ತುವ ಮುಂಚೆ ಮಾಡಿಸಿದ್ದರೆ ಅರ್ಧ ದಿನದ್ದು. ನಿಮ್ಮ ಬಚ್ಚಲಿಗೆ ಇನ್ನೂ ಗಾರೆ ಬಿದ್ದಿಲ್ಲ. ಈಗ ಬಂದು ಕಮೋಡು ಎಲ್ಲಿ ಬರುತ್ತದೆ ಅಂತ ಕೇಳಿ, ಅಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತು, ಎದ್ದು, ನಿಮ್ಮ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಬಾಗಿಲನ್ನೂ ಆವತ್ತೇ ಅಳೆಯಿರಿ. ಗಾಲಿಕುರ್ಚಿ ಸುಮಾರು 65 ಸೆಂಟಿಮೀಟರ್ ಅಗಲ ಇರುತ್ತದೆ. ಚಕ್ರ ತಿರುಗಿಸುವ ಕೈಬೆರಳಿನ ಗೆಣ್ಣು ತರಚಬಾರದು ಅಂದರೆ ಬಾಗಿಲ ಬಾಯಿ 90 ಬೇಕು. ಕೋಣೆ ಬಾಗಿಲೆಲ್ಲ ಸರಿಯಾಗಿಟ್ಟು ಬಚ್ಚಲಿನ ಬಾಗಿಲನ್ನೇ ಕಿರಿದು ಮಾಡುವುದು ಎಲ್ಲ ಕಡೆ ನಡೆಯುತ್ತದೆ. ಇನ್ನೊಂದು, ಬಚ್ಚಲಿನ ಬಾಗಿಲು ಹೊರಗಡೆಗೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಜಾರಬೇಕು. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ ಬೀಳುತ್ತದೆ, ಹೊರಗಿನವರು ತಳ್ಳಿದಷ್ಟೂ ಅವರಿಗೇ ನೋವು.

ಹೊಸ್ತಿಲಿನ ವಿಷಯಕ್ಕೆ ನಮ್ಮ ಬ್ಲಾಕಿನ ಹೆಂಗಸರೆಲ್ಲ ಸೇರಿ ಒಂದು ವಾರ ಚರ್ಚೆ ಮಾಡಿದ್ದೇವೆ. ಮುದುಕರ ಮನೆಗೆ ಹೊಸ್ತಿಲು ಇರಬಾರದು, ಎಡವಿ ಬೀಳುತ್ತಾರೆ, ಗಾಲಿಕುರ್ಚಿ ದಾಟುವುದಿಲ್ಲ ಅಂತ ಇಂಜಿನಿಯರು ಹೇಳಿದರು. ಅವರ ಮಾತು ಸರಿ. ಆದರೆ ಹೊಸ್ತಿಲಿಲ್ಲದ ಮನೆಗೆ ಶುಕ್ರವಾರ ಅರಿಸಿನ ಕುಂಕುಮ ಎಲ್ಲಿಗೆ ಇಡುವುದು? ಐವತ್ತು ವರ್ಷ ದಿನಾ ಬೆಳಿಗ್ಗೆ ತೊಳೆದು ರಂಗೋಲಿ ಎಳೆದ ಕೈ ಸುಮ್ಮನಿರುತ್ತದೆಯೇ? ಕೊನೆಗೆ ಒಬ್ಬ ಬಡಗಿಯೇ ದಾರಿ ಹೇಳಿದ. ಹೊನ್ನೆ ಮರದ ಪಟ್ಟಿಯನ್ನು ನೆಲದ ಮಟ್ಟಕ್ಕೇ ಹುದುಗಿಸಿ, ಎರಡು ಕಡೆ ಹಿತ್ತಾಳೆ ತಗಡು ಹೊಡೆದು ಕೊಟ್ಟ. ಕಾಲಿಗೆ ತಾಗುವುದಿಲ್ಲ, ಕಣ್ಣಿಗೆ ಹೊಸ್ತಿಲೇ. ಈಗ ಹನ್ನೊಂದು ಮನೆಗೆ ಅಂಥದ್ದೇ ಇದೆ. ನೆಲಕ್ಕೆ ಟೈಲ್ಸು ಹಾಸುವ ಮುಂಚೆ ಹೇಳಿದರೆ ನಿಮಗೂ ಮಾಡಿಕೊಡುತ್ತಾನೆ. ಅಮ್ಮನವರನ್ನು ಕೇಳಿ ತಿಳಿಸಿ.

ಲಿಫ್ಟಿನ ಗುಂಡಿ ಈಗ ಕಟ್ಟುತ್ತಿದ್ದಾರೆ. ಬ್ಲಾಕಿನ ಎರಡು ಲಿಫ್ಟಿನಲ್ಲಿ ಒಂದಾದರೂ ಸ್ಟ್ರೆಚರ್ ಮಲಗಿಸಿ ಒಯ್ಯುವಷ್ಟು ಉದ್ದ ಇರಬೇಕು, ಸ್ಟ್ರೆಚರ್ ಅಂದರೆ ಎರಡು ಮೀಟರ್. ನಮ್ಮ ಬ್ಲಾಕಿನಲ್ಲಿ ಅದಿಲ್ಲ. ಹೋದ ಕಾರ್ತಿಕದಲ್ಲಿ ಎರಡನೇ ಮಹಡಿಯ ಹಿರಿಯರೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ತಲೆ ವಾಲದ ಹಾಗೆ ನರ್ಸಮ್ಮ ಹಿಡಿದುಕೊಂಡು ಇಳಿಸಿದ್ದನ್ನು ನೋಡಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಗುಂಡಿ ಕಟ್ಟಿದ ಮೇಲೆ ಯಾರೂ ಅದನ್ನು ಹಿಗ್ಗಿಸಲಾರರು. ನೀವು ಬುಕ್ ಮಾಡಿದವರು ಎಲ್ಲರೂ ಸೇರಿ ಈ ತಿಂಗಳೇ ಬರವಣಿಗೆಯಲ್ಲಿ ಕೇಳಿ. ಜನರೇಟರಿನಿಂದ ಲಿಫ್ಟಿಗೂ, ಮಲಗುವ ಕೋಣೆಯ ಒಂದು ಪ್ಲಗ್ಗಿಗೂ ಕರೆಂಟು ಬರುತ್ತದೆಯೇ ಅಂತ ಕೇಳಿ. ಉಸಿರಾಟದ ತೊಂದರೆ ಇದ್ದವರ ಆಕ್ಸಿಜನ್ ಯಂತ್ರಕ್ಕೆ ಸುಮಾರು 350 ವ್ಯಾಟ್ ಸಾಕು, ಆದರೆ ಅಷ್ಟು ಬೇಕೇ ಬೇಕು.

ನೀರಿನ ಮಾತು ಬಿಡುವ ಹಾಗಿಲ್ಲ. ಈ ಸೀಮೆ ಚಕ್ಕೋತಕ್ಕೆ, ದ್ರಾಕ್ಷಿಗೆ ಹೆಸರಾದದ್ದು, ಆದರೂ ಇಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿ ಇಳಿದಿವೆ. ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಸುತ್ತಲ ಕೆರೆಗಳಿಗೆ ಬಂದದ್ದರಿಂದ ಸ್ವಲ್ಪ ಸಮಾಧಾನ ಅಂತ ಊರಿನವರು ಹೇಳುತ್ತಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗಾಗಿ ಒದ್ದಾಡಿದ್ದು ನಿಮಗೂ ನೆನಪಿದೆ. ಹಾಗಾಗಿ ಮನೆ ನೋಡಲು ಮಳೆಗಾಲದಲ್ಲಿ ಬಂದವರು ಏಪ್ರಿಲಿನಲ್ಲಿ ಇನ್ನೊಮ್ಮೆ ಬರಬೇಕು. ಟ್ಯಾಂಕರ್ ಎಷ್ಟು ಬರುತ್ತದೆ ಅಂತ ಗೇಟಿನ ಕಾವಲುಗಾರರ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಇನ್ನು ಕಾಗದಪತ್ರ. 2016ರ ರೇರಾ ಕಾಯ್ದೆ ನಿಮ್ಮ ಕೈಯಲ್ಲಿರುವ ಕೋಲು, ಹಿಡಿದುಕೊಳ್ಳಿ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಯಾರೂ ನಿಮ್ಮಿಂದ ತೆಗೆದುಕೊಳ್ಳುವ ಹಾಗಿಲ್ಲ. ನೀವು ಕಟ್ಟಿದ್ದರಲ್ಲಿ ಶೇಕಡಾ 70 ಇದೇ ಕೆಲಸಕ್ಕೆ ಅಂತ ಬೇರೆ ಖಾತೆಯಲ್ಲಿರಬೇಕು. ಮೂರು ತಿಂಗಳಿಗೊಮ್ಮೆ ಕೆಲಸ ಎಲ್ಲಿಗೆ ಬಂತು ಅಂತ ರೇರಾ ಜಾಲತಾಣದಲ್ಲಿ ಹಾಕಬೇಕು, ಮೊಮ್ಮಗನ ಕೈಲಿ ತೆಗೆಸಿ ನೋಡಿ. ಹೇಳಿದ ದಿನಕ್ಕೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು, ಇಲ್ಲವೇ ಮನೆ ಬೇಕೇ ಬೇಕು ಅಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ನಾವು ಎರಡನ್ನೂ ಕೇಳಲಿಲ್ಲ, ದೊಡ್ಡವರ ಜೊತೆ ಯಾಕೆ ನಿಷ್ಠುರ ಅಂತ ಸುಮ್ಮನಿದ್ದೆವು. ನೀವು ಸುಮ್ಮನಿರಬೇಡಿ. ಮನೆ ಕೈಗೆ ಬಂದಮೇಲೂ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಅವರ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಒಸಿ, ಅಂದರೆ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ, ಬಾರದೆ ಹಾಲು ಉಕ್ಕಿಸಬೇಡಿ, ಮುಹೂರ್ತ ಎಷ್ಟು ಒಳ್ಳೆಯದಿದ್ದರೂ ಸರಿ.

ಇದೆಲ್ಲ ಗೋಡೆಯ ಕಾಗದ. ಬದುಕಿನ ಕಾಗದ ಇನ್ನೊಂದಿದೆ, ಸೇವೆಯ ಕರಾರು ಅನ್ನುತ್ತಾರೆ. ಅದನ್ನು ಓದದೆ ಸಹಿ ಹಾಕಿದವರೇ ಹೆಚ್ಚು. ಊಟ, ಕಾವಲು, ನರ್ಸು, ತೋಟ ಎಲ್ಲ ಸೇರಿ ತಿಂಗಳಿಗೆ ಇಷ್ಟು ಅಂತ ಇರುತ್ತದೆ. ಈವತ್ತಿನ ಮೊತ್ತ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ವರ್ಷಕ್ಕೆ ಎಷ್ಟು ಏರುತ್ತದೆ ಅನ್ನುವ ಸಾಲು ಹುಡುಕಿ. ತಿಂಗಳಿಗೆ 20,000 ರೂಪಾಯಿ ಇದ್ದು ವರ್ಷಕ್ಕೆ ಶೇಕಡಾ 10 ಏರಿದರೆ, ಹತ್ತು ವರ್ಷಕ್ಕೆ ಅದು 51,000 ದಾಟುತ್ತದೆ. ನಿಮ್ಮ ಪಿಂಚಣಿ ಹಾಗೆ ಏರುತ್ತದೆಯೇ, ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ನಾಳೆ ನಾನು ಹಾಸಿಗೆ ಹಿಡಿದರೆ, ಅಥವಾ ಮರೆವಿನ ಕಾಯಿಲೆ ಬಂದು ಮನೆ ಯಾವುದು ಅಂತಲೇ ತಿಳಿಯದೆ ಹೋದರೆ, ನನ್ನನ್ನು ಇಲ್ಲೇ ನೋಡಿಕೊಳ್ಳುತ್ತೀರಾ, ಮಗನಿಗೆ ಫೋನ್ ಮಾಡಿ ಕರೆದುಕೊಂಡು ಹೋಗಿ ಅನ್ನುತ್ತೀರಾ? ತಮ್ಮ ಕೆಲಸ ತಾವು ಮಾಡಿಕೊಳ್ಳುವವರಿಗೆ ಮಾತ್ರ ಅಂತ ಕರಾರಿನ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುವುದುಂಟು. ಇಬ್ಬರಲ್ಲಿ ಒಬ್ಬರು ಹೋದಮೇಲೆ ಉಳಿದವರಿಂದ ಅರ್ಧ ಹಣ ತೆಗೆದುಕೊಳ್ಳುತ್ತಾರೋ ಪೂರ್ತಿಯೋ? ಇಬ್ಬರೂ ಹೋದಮೇಲೆ ಮಗನಿಗೆ ಐವತ್ತು ತುಂಬಿಲ್ಲ ಅಂದರೆ ಅವನು ಈ ಮನೆಯಲ್ಲಿ ಇರುವಂತಿಲ್ಲ, ಹಾಗಾದರೆ ಮಾರಲು ಎಷ್ಟು ಕಾಲ ಕೊಡುತ್ತಾರೆ, ಅಲ್ಲಿಯವರೆಗೆ ತಿಂಗಳ ಹಣ ಯಾರು ಕಟ್ಟಬೇಕು? ಠೇವಣಿ ಇಟ್ಟು ವಾಸದ ಹಕ್ಕು ಪಡೆಯುವ ಪದ್ಧತಿಯಾದರೆ ಆ ಠೇವಣಿ ಎಷ್ಟು ದಿನದಲ್ಲಿ ಮಕ್ಕಳ ಕೈ ಸೇರುತ್ತದೆ? ಕೇಂದ್ರ ಸರ್ಕಾರ 2019ರಲ್ಲೇ ನಿವೃತ್ತರ ಮನೆಗಳಿಗೆ ಅಂತ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಮುದ್ರಿಸಿಕೊಂಡು ನಿಮ್ಮ ಕರಾರಿನ ಪಕ್ಕ ಇಟ್ಟು ಓದಿ, ಏನು ಬಿಟ್ಟುಹೋಗಿದೆ ಅನ್ನುವುದು ಕಣ್ಣಿಗೆ ಬೀಳುತ್ತದೆ.

ನಿಮ್ಮ ಹಳೆಯ ಮನೆ ಮಾರುವ ಆತುರ ಬೇಡ. ಬಾಡಿಗೆಗೆ ಕೊಟ್ಟು, ಇಲ್ಲಿ ಒಂದು ವರ್ಷ ಇದ್ದು ನೋಡಿ. ಮಗನ ಹೆಸರಿಗೆ ದಾನಪತ್ರ ಬರೆಯುವ ಮನಸ್ಸಿದ್ದರೆ, ನನ್ನನ್ನು ಕೊನೆವರೆಗೆ ನೋಡಿಕೊಳ್ಳಬೇಕು ಅನ್ನುವ ಮಾತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಆ ಒಂದು ಸಾಲಿನ ಆಸರೆಯಲ್ಲೇ ನಿಮ್ಮ ಕೈ ಹಿಡಿಯುತ್ತದೆ. ನಿಮ್ಮ ಮಗ ಚಿನ್ನದಂಥವನು, ನನಗೆ ಗೊತ್ತು. ಆ ಸಾಲು ಇದ್ದರೆ ಅವನಿಗೇನೂ ಬೇಜಾರಾಗುವುದಿಲ್ಲ.

ಮಗ ಬೆಂಗಳೂರಲ್ಲೇ ಇದ್ದೂ ನೀವು ಇಲ್ಲಿಗೆ ಬಂದಿರಾ ಅಂತ ನಮ್ಮನ್ನು ಕೇಳಿದವರಿಗೆ ಲೆಕ್ಕವಿಲ್ಲ. ನಿಮ್ಮನ್ನೂ ಕೇಳುತ್ತಾರೆ. ನಮ್ಮ ಮಗ ಒಂದೂವರೆ ಗಂಟೆ ದಾರಿಯಲ್ಲಿದ್ದಾನೆ, ತಿಂಗಳಿಗೆ ಎರಡು ಸಲ ಬರುತ್ತಾನೆ, ಬಂದಾಗ ಮೊದಲಿಗಿಂತ ಹೆಚ್ಚು ಮಾತಾಡುತ್ತಾನೆ. ಅವನು ಕೆಲಸಕ್ಕೆ ಹೋದಮೇಲೆ ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ನಾವಿಬ್ಬರೇ ಟಿವಿ ಮುಂದೆ ಕೂತು ಸಂಜೆಗೆ ಕಾಯುತ್ತಿದ್ದ ಆ ಮೂರು ತಿಂಗಳು ನನಗೆ ಬೇಡವಾಗಿತ್ತು. ಇಲ್ಲಿ ನನ್ನದೇ ಅಡುಗೆಮನೆ, ನನ್ನದೇ ಬೀಗ.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ಧೂಳು ವಿಪರೀತ. ಬೆಳಿಗ್ಗೆ ಎಂಟಕ್ಕೆ ಕಬ್ಬಿಣ ಕತ್ತರಿಸುವ ಯಂತ್ರ ಶುರುವಾದರೆ ಸಂಜೆವರೆಗೆ ಕಿವಿ ಗುಂಯ್ ಅನ್ನುತ್ತದೆ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಯಂತ್ರ ನಿಲ್ಲಿಸಬೇಕು ಅಂತ ನಾವು ಕೇಳಿಕೊಂಡೆವು, ಒಪ್ಪಿದ್ದಾರೆ. ಊಟದ ಮನೆಯಲ್ಲಿ ಮೊದಲ ನಾಲ್ಕು ತಿಂಗಳು ಎಲ್ಲಕ್ಕೂ ಒಂದೇ ರುಚಿ. ಈಗ ವಾರಕ್ಕೆ ಇಬ್ಬರು ಹೆಂಗಸರು ಪಾಳಿಯಲ್ಲಿ ಅಡುಗೆಯವರ ಪಕ್ಕ ನಿಲ್ಲುತ್ತೇವೆ. ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆ ಸಾರು, ಮುದ್ದೆ ಮಾಡಿಸಿದ ದಿನ ಹಾಸಿಗೆಯಲ್ಲಿದ್ದವರೂ ಎದ್ದು ಬಂದರು.

ಕಟ್ಟುವ ಜನರ ಮಾತನ್ನೂ ಹೇಳಬೇಕು. ಕಬ್ಬಿಣದ ಕೆಲಸದವರು ಬಿಹಾರ, ಒಡಿಶಾದವರು. ಗಾರೆ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯ ಸಂಸಾರಗಳು ಬಂದು ತಗಡಿನ ಶೆಡ್ಡಿನಲ್ಲಿವೆ. ಗೋಣಿಗೆ ನೀರು ಹಾಯಿಸುವ ಹುಡುಗ ಯಾದಗಿರಿಯವನೇ. ಆ ಭಾನುವಾರ ಯಾಕೆ ಬರಲಿಲ್ಲ ಅಂತ ಆಮೇಲೆ ಕೇಳಿದೆ, ತಂಗಿಗೆ ಜ್ವರ ಅಂತ. ಅವನ ಅಪ್ಪನಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇರಲಿಲ್ಲ. ಯಜಮಾನರು ಬ್ಯಾಂಕಿನ ಅಭ್ಯಾಸದಲ್ಲಿ ಒಂದೊಂದೇ ಕಾಗದ ಜೋಡಿಸಿ ಏಳು ಜನರಿಗೆ ಅರ್ಜಿ ಹಾಕಿಸಿದ್ದಾರೆ. ಸಂಜೆ ಐದಕ್ಕೆ ಆರು ಮಕ್ಕಳು ನನ್ನ ಹತ್ತಿರ ಮಗ್ಗಿ ಹೇಳಲು ಬರುತ್ತಾರೆ. ನಿಮಗೆ ಕನ್ನಡ ಬರೆಸುವ ಕೈಯಿದೆ, ಆ ಕೆಲಸ ನಿಮಗಾಗಿ ಇಟ್ಟಿದ್ದೇನೆ.

ಇನ್ನೂ ನಾಲ್ಕೈದು ವರ್ಷ ಹೋಗಲಿ, ಕೈಲಾಗದ ಕಾಲಕ್ಕೆ ಹೋದರಾಯಿತು ಅಂತ ನೀವು ಯೋಚಿಸುತ್ತಿರುವುದು ನನಗೆ ಗೊತ್ತು. ನಮ್ಮ ಕೆಳಗಿನ ಮನೆಗೆ ಹೋದ ವರ್ಷ ಒಬ್ಬರು ಪಾರ್ಶ್ವವಾಯು ಹೊಡೆದ ಮೇಲೆ ಬಂದರು. ಒಳ್ಳೆಯ ಮನುಷ್ಯ, ಮಾತು ತೊದಲುತ್ತದೆ. ನಾವು ದಿನಾ ಹೋಗಿ ಮಾತಾಡಿಸುತ್ತೇವೆ, ಆದರೆ ಅವರ ಪಾಲಿಗೆ ನಾವೆಲ್ಲ ಹೊಸ ಮುಖಗಳು. ಯಾರ ಹೆಸರೂ ಅವರಿಗೆ ಬಾಯಿಗೆ ಬರುವುದಿಲ್ಲ. ಅವರು ಎರಡು ವರ್ಷ ಮುಂಚೆ ನಡೆದುಕೊಂಡು ಬಂದಿದ್ದರೆ ನನ್ನನ್ನು ಟೀಚರಮ್ಮ ಅಂತ ಕರೆಯುತ್ತಿದ್ದರು. ಕಾಲು ಗಟ್ಟಿ ಇರುವಾಗಲೇ ಬನ್ನಿ. ಬಂದು ನಾಲ್ಕು ಜನರ ಹೆಸರು ಕಲಿಯಿರಿ, ಗಿಡ ನೆಡಿ, ಸಮಿತಿಯಲ್ಲಿ ಕೂತು ಜಗಳವನ್ನೂ ಆಡಿ.

ಮುಂದಿನ ಮಂಗಳವಾರ ನಿಮ್ಮ ಬ್ಲಾಕಿನ ಕೆಳಮಹಡಿಯ ಬಚ್ಚಲುಗಳಿಗೆ ಬಾಯಿ ಕಟ್ಟಿ ನೀರು ನಿಲ್ಲಿಸುತ್ತಾರಂತೆ, ಎರಡು ದಿನ ಸೋರುತ್ತದೆಯೋ ಅಂತ ನೋಡಲು. ಗುರುವಾರ ಬೆಳಿಗ್ಗೆ ನಾವಿಬ್ಬರೂ ಹೋಗಿ ನೋಡುವವರಿದ್ದೇವೆ. ನೀವೂ ಅಮ್ಮನವರನ್ನು ಕರೆದುಕೊಂಡು ಬನ್ನಿ. ಅಳತೆ ಟೇಪು, ಸೀಮೆಸುಣ್ಣ ನನ್ನ ಹತ್ತಿರ ಇವೆ. ಹಳೆಯ ಚಪ್ಪಲಿ ಹಾಕಿಕೊಳ್ಳಿ, ಮೆಟ್ಟಿಲಿಗೆ ಇನ್ನೂ ಕಟಕಟೆ ಇಟ್ಟಿಲ್ಲ, ಗೋಡೆ ಹಿಡಿದೇ ಹತ್ತಬೇಕು. ತಿಂಡಿಗೆ ಅಕ್ಕಿರೊಟ್ಟಿ ಮಾಡಿರುತ್ತೇನೆ.