ಬೀಗದ ಒಳಗನ್ನು ಅರಿಯುವ ಬಗೆ: ಮನೆಯಲ್ಲಿ ಛೇದ ಬೀಗದ ತಯಾರಿಕೆ

ಮನೆ, ಅಂಗಡಿ ಮತ್ತು ಕಪಾಟುಗಳ ರಕ್ಷಣೆಯನ್ನು ಜನರು ಪ್ರತಿದಿನವೂ ಬೀಗಕ್ಕೆ ಒಪ್ಪಿಸುತ್ತಾರೆ. ಆದರೆ ಬೀಗದ ಒಳಗೆ ನಡೆಯುವ ಕ್ರಿಯೆಯನ್ನು ಕಣ್ಣಾರೆ ಕಂಡವರು ವಿರಳ. ಇದರಿಂದಾಗಿ ಕೊಳ್ಳುವಾಗ ಹೊಳಪು ಮತ್ತು ತೂಕಗಳೇ ಗುಣಮಟ್ಟದ ಅಳತೆಗೋಲಾಗುತ್ತವೆ. ಕೆಟ್ಟಾಗ ದುರಸ್ತಿಗಾರನ ಮಾತೇ ಪ್ರಮಾಣವಾಗುತ್ತದೆ. ಪಾರ್ಶ್ವವನ್ನು ಕತ್ತರಿಸಿ ಒಳಭಾಗ ಕಾಣುವಂತೆ ಮಾಡಿದ ಬೀಗವನ್ನು ಛೇದ ಬೀಗ ಎನ್ನಬಹುದು. ಬೀಗ ದುರಸ್ತಿಯನ್ನು ಸ್ವಯಂ ಉದ್ಯೋಗವಾಗಿ ಕಲಿಯುವವರಿಗೂ ಸಾಮಾನ್ಯ ಗೃಹಸ್ಥರಿಗೂ ಇದೊಂದು ಉತ್ತಮ ಪಾಠೋಪಕರಣ.

ಹಿನ್ನೆಲೆ

ಇಂದು ಬಳಕೆಯಲ್ಲಿರುವ ಪಿನ್ ಬೀಗದ ಮೂಲ ಅಮೆರಿಕದ ಲೈನಸ್ ಯೇಲ್ 1848ರಲ್ಲಿ ರೂಪಿಸಿದ ಬೀಗದಲ್ಲಿದೆ. ಚಪ್ಪಟೆಯಾದ ಚಿಕ್ಕ ಕೀಲಿಕೈಯ ಇಂದಿನ ರೂಪವನ್ನು ಅವರ ಮಗ 1860ರ ದಶಕದಲ್ಲಿ ನೀಡಿದರು. ಭಾರತದಲ್ಲಿ ಅಲಿಗಢ ಮತ್ತು ದಿಂಡಿಗಲ್ ನಗರಗಳು ಬೀಗದ ಕಸುಬಿಗೆ ಹೆಸರಾಗಿವೆ; ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೀಗ ತಯಾರಿಕೆಯನ್ನು ಆರಂಭಿಸಿದರು.

ಬೀಗದ ಗುಟ್ಟನ್ನು ಜನರಿಗೆ ತಿಳಿಸುವುದು ಸರಿಯೇ ಎಂಬ ಪ್ರಶ್ನೆಯೂ ಹಳೆಯದು. 1851ರ ಲಂಡನ್ ಮಹಾ ಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅಂದಿನ ಹೆಸರಾಂತ ಬೀಗಗಳನ್ನು ಕೈಚಳಕದಿಂದ ತೆರೆದು ತೋರಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ದೋಷವನ್ನು ಮುಚ್ಚಿಡುವುದರಿಂದ ಕಳ್ಳನಿಗೆ ಅಡ್ಡಿಯಾಗುವುದಿಲ್ಲ, ಬೀಗದ ಒಡೆಯನು ಮಾತ್ರ ಅಜ್ಞಾನದಲ್ಲಿ ಉಳಿಯುತ್ತಾನೆ ಎಂಬ ವಾದ ಅಂದು ಬಲಗೊಂಡಿತು.

ರಚನೆ

ಪಿನ್ ಬೀಗದಲ್ಲಿ ಎರಡು ಮುಖ್ಯ ಭಾಗಗಳಿವೆ: ಅಲುಗಾಡದ ಹೊರಕವಚ ಮತ್ತು ಅದರೊಳಗೆ ತಿರುಗುವ ಉರುಳೆ. ಕೀಲಿಕೈ ಉರುಳೆಯೊಳಗೆ ಹೋಗುತ್ತದೆ. ಕವಚದಿಂದ ಉರುಳೆಗೆ ಸಾಲಾಗಿ ಐದು ರಂಧ್ರಗಳಿದ್ದು, ಪ್ರತಿಯೊಂದರಲ್ಲಿ ಒಂದು ಕೆಳಪಿನ್ನು, ಅದರ ಮೇಲೆ ಒಂದು ಮೇಲ್ಪಿನ್ನು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಇರುತ್ತವೆ. ಉರುಳೆ ಮತ್ತು ಕವಚ ಕೂಡುವ ಗೆರೆಯನ್ನು ಸಂಧಿರೇಖೆ ಎನ್ನೋಣ. ಈ ಗೆರೆಯನ್ನು ಒಂದು ಪಿನ್ನು ದಾಟಿ ನಿಂತಿದ್ದರೂ ಉರುಳೆ ತಿರುಗದು. ಸರಿಯಾದ ಕೀಲಿಕೈ ಹಾಕಿದಾಗ ಐದು ಜೋಡಿಗಳೂ ಇದೇ ಗೆರೆಯಲ್ಲಿ ಬೇರ್ಪಡುತ್ತವೆ, ಉರುಳೆ ತಿರುಗುತ್ತದೆ.

ಸಾಮಗ್ರಿ

ಒಂದು ಬದಿಯಿಂದ ಮಾತ್ರ ಕೈ ಹಾಕುವ, ಯೂರೋ ಮಾದರಿಯ ಹಿತ್ತಾಳೆಯ ಬಾಗಿಲು ಸಿಲಿಂಡರು ಈ ಕೆಲಸಕ್ಕೆ ಅನುಕೂಲ. ಲಿವರ್ ಬೀಗದ ರಚನೆ ಬೇರೆಯಾದುದರಿಂದ ಅದು ಇಲ್ಲಿಗೆ ಹೊಂದದು. ವೈಸ್, ವರ್ನಿಯರ್ ಅಳತೆಗೋಲು, ಗೀರುಮೊಳೆ, ಲೋಹ ಕೊರೆಯುವ ಚಿಕ್ಕ ಕಟ್ಟರ್ ಹಾಕಿದ ವಿದ್ಯುತ್ ಕೈಯಂತ್ರ, ಚಪ್ಪಟೆ ಅರ ಮತ್ತು ಉರುಳೆಯಷ್ಟೇ ದಪ್ಪದ ಮರದ ದಂಡ ಬೇಕು. ಸಾಣೆಕಲ್ಲಿನ ಯಂತ್ರವನ್ನು ಬಳಸಬಾರದು. ಹಿತ್ತಾಳೆ ಮೆದುವಾದುದರಿಂದ ಕಲ್ಲಿನ ರಂಧ್ರಗಳಲ್ಲಿ ತುಂಬಿಕೊಂಡು ಕಲ್ಲು ಬಿಸಿಯಾಗಿ ಒಡೆಯುವ ಅಪಾಯವಿದೆ.

ಬಿಚ್ಚುವ ಕ್ರಮ

ಉರುಳೆಯ ಹಿಂತುದಿಯ ಕ್ಲಿಪ್ಪನ್ನು ಮೊದಲು ತೆಗೆಯಬೇಕು. ಕೀಲಿಕೈ ಹಾಕಿ ಸ್ವಲ್ಪ ತಿರುಗಿಸಿ, ಹಿಂದಿನಿಂದ ದಂಡವನ್ನು ಒತ್ತುತ್ತಾ ಉರುಳೆಯನ್ನು ಮುಂದಕ್ಕೆ ತಳ್ಳಬೇಕು. ದಂಡ ಅಡ್ಡವಿರುವುದರಿಂದ ಸ್ಪ್ರಿಂಗುಗಳು ಸಿಡಿಯುವುದಿಲ್ಲ. ಉದ್ದ ದಂಡಕ್ಕೆ ಎಡೆಯಿಲ್ಲದಿದ್ದರೆ ಅದನ್ನು ತುಂಡುಗಳಾಗಿ ಒಂದರ ಹಿಂದೊಂದು ಹಾಕಬಹುದು. ಬಳಿಕ ದಂಡವನ್ನು ನಿಧಾನವಾಗಿ ಸರಿಸಿ, ಪಿನ್ನುಗಳನ್ನೂ ಸ್ಪ್ರಿಂಗುಗಳನ್ನೂ ತೆಗೆದು, ಬಂದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಡಬೇಕು. ಕೆಳಪಿನ್ನುಗಳ ಕ್ರಮ ತಪ್ಪಿದರೆ ಹಳೆಯ ಕೀಲಿಕೈಯಿಂದ ಬೀಗ ತೆರೆಯದು.

ಕತ್ತರಿಸುವ ಕ್ರಮ

ಪಿನ್ನುಗಳಿರುವ ಕವಚದ ಚಪ್ಪಟೆ ಭಾಗ ಸಾಮಾನ್ಯವಾಗಿ 10 ಮಿ.ಮೀ. ದಪ್ಪವಿರುತ್ತದೆ, ರಂಧ್ರಗಳ ನಡುರೇಖೆ ಅದರ ಮಧ್ಯದಲ್ಲಿರುತ್ತದೆ. ಒಂದು ಪಾರ್ಶ್ವದಿಂದ 4 ಮಿ.ಮೀ. ತೆಗೆದು 6 ಮಿ.ಮೀ. ಉಳಿಸಬೇಕು. ರಂಧ್ರದ ವ್ಯಾಸ 3 ಮಿ.ಮೀ. ಇದ್ದರೆ ಆಗ ಸುಮಾರು 2.2 ಮಿ.ಮೀ. ಅಗಲದ ಸೀಳು ತೆರೆಯುತ್ತದೆ. ಪಿನ್ನು ಕಾಣುತ್ತದೆ, ಆದರೆ ಹೊರಬೀಳುವುದಿಲ್ಲ. ನಡುರೇಖೆಯವರೆಗೂ ಕತ್ತರಿಸಿದರೆ ಪಿನ್ನುಗಳೆಲ್ಲ ಉದುರಿ ಬೀಗ ನಿರುಪಯೋಗಿಯಾಗುತ್ತದೆ.

ಒತ್ತಡಕ್ಕೆ ಕವಚ ಜಜ್ಜದಂತೆ ಉರುಳೆಯ ಜಾಗದಲ್ಲಿ ಮರದ ದಂಡವಿಟ್ಟು ವೈಸ್‌ನಲ್ಲಿ ಬಿಗಿಯಬೇಕು. ಗುರುತಿನ ಗೆರೆಗೆ ಅರ್ಧ ಮಿ.ಮೀ. ಉಳಿಯುವವರೆಗೆ ಯಂತ್ರದಿಂದ ಕತ್ತರಿಸಿ, ಉಳಿದುದನ್ನು ಅರದಿಂದ ಉಜ್ಜುವುದು ಲೇಸು. ಉರುಳೆಯ ಮೈ ಕಾಣುವವರೆಗೆ ಸೀಳನ್ನು ಸಂಧಿರೇಖೆಯತ್ತ ವಿಸ್ತರಿಸಬೇಕು. ಉರುಳೆಯನ್ನು ಕತ್ತರಿಸುವ ಅಗತ್ಯವಿಲ್ಲ. ಕತ್ತರಿಸಿದರೆ ಅದು ತಿರುಗುವಾಗ ಮೇಲ್ಪಿನ್ನುಗಳು ಆ ಹಳ್ಳಕ್ಕೆ ಬಿದ್ದು ಬೀಗ ಸಿಕ್ಕಿಕೊಳ್ಳಬಹುದು. ಕೊನೆಗೆ ಅಂಚಿನ ಮುಳ್ಳುಗಳನ್ನು ತೆಗೆದು, ಸೀಮೆಎಣ್ಣೆಯಿಂದ ತೊಳೆದು ಒಣಗಿಸಬೇಕು.

ಜೋಡಣೆ ಮತ್ತು ಪಾಠ

ಪ್ರತಿ ರಂಧ್ರಕ್ಕೆ ಸ್ಪ್ರಿಂಗು, ಅನಂತರ ಮೇಲ್ಪಿನ್ನು ಹಾಕಿ, ಒತ್ತಿ ಹಿಡಿದು, ದಂಡವನ್ನು ಅದರ ಮೇಲೆ ಸರಿಸುತ್ತಾ ಹೋಗಬೇಕು. ಕೀಲಿಕೈ ಸಹಿತವಾದ ಉರುಳೆಯಲ್ಲಿ ಕೆಳಪಿನ್ನುಗಳನ್ನು ಕ್ರಮವಾಗಿ ಕೂರಿಸಿ, ಸ್ವಲ್ಪ ಓರೆಯಾಗಿ ಹಿಡಿದು, ದಂಡವನ್ನು ಹಿಂದಕ್ಕೆ ತಳ್ಳುತ್ತಾ ಒಳಗೆ ಸೇರಿಸಿ ಕ್ಲಿಪ್ಪನ್ನು ಹಾಕಬೇಕು. ಬಳಸುವಾಗ ಪಿನ್ನುಗಳು ಮೇಲಿರುವಂತೆ ಹಿಡಿದು, ಕತ್ತರಿಸದ ಬದಿಗೆ ಮಾತ್ರ ಕಾಲು ಸುತ್ತು ತಿರುಗಿಸಿದರೆ ಸಾಕು.

ಈಗ ಕೀಲಿಕೈಯನ್ನು ಮೆಲ್ಲನೆ ಒಳಹಾಕಿದರೆ ಪಿನ್ನುಗಳು ಏರಿಳಿದು ಕೊನೆಗೆ ಒಂದೇ ಗೆರೆಯಲ್ಲಿ ನಿಲ್ಲುವುದು ಕಾಣುತ್ತದೆ. ಅದೇ ಮಾದರಿಯ ಬೇರೊಂದು ಕೀಲಿಕೈ ಹಾಕಿದರೆ ಎಲ್ಲಿ ತಡೆಯಾಯಿತೆಂಬುದು ಸ್ಪಷ್ಟವಾಗುತ್ತದೆ. ಐದು ಪಿನ್ನುಗಳಿಗೆ ಆರು ಎತ್ತರಗಳಿದ್ದರೆ ಲೆಕ್ಕಕ್ಕೆ 7,776 ಬಗೆಯ ಕೀಲಿಕೈಗಳು ಸಾಧ್ಯ. ಪಿನ್ನುಗಳು ಕಡಿಮೆಯಾದಂತೆ ಈ ಸಂಖ್ಯೆ ಕುಗ್ಗುತ್ತದೆ. ರಂಧ್ರದಲ್ಲಿ ಪಿನ್ನು ಸಡಿಲವಾಗಿ ಅಲುಗಾಡಿದರೆ ಅಳತೆಯಲ್ಲಿ ನಿಖರತೆ ಕಡಿಮೆಯೆಂದೂ, ಸವೆದ ಕೀಲಿಕೈಯಿಂದ ನಕಲು ಮಾಡಿಸಬಾರದೇಕೆಂದೂ ಇದರಿಂದ ತಿಳಿಯುತ್ತದೆ.

ಎಚ್ಚರಿಕೆ

ಕಣ್ಣಿಗೆ ರಕ್ಷಕ ಕನ್ನಡಕ ಕಡ್ಡಾಯ. ತಿರುಗುವ ಯಂತ್ರದ ಬಳಿ ಕೈಗವಸು, ಸೆರಗು, ಸಡಿಲ ತೋಳು, ಬಿಚ್ಚುಗೂದಲು ಸಲ್ಲದು. ಕಟ್ಟರ್ ಬದಲಿಸುವ ಮೊದಲು ಪ್ಲಗ್ ಕೀಳಬೇಕು. ಹಿತ್ತಾಳೆಯಲ್ಲಿ ಸ್ವಲ್ಪ ಸೀಸವಿರುವುದುಂಟು; ಆದುದರಿಂದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮುನ್ನ ಕೈ ತೊಳೆಯಬೇಕು. ಕತ್ತರಿಸಿದ ಬೀಗವನ್ನು ಮರಳಿ ಬಾಗಿಲಿಗೆ ಹಾಕಬಾರದು. ಸ್ವಂತ ಬೀಗದ ಮೇಲೆ ಮಾತ್ರ ಈ ಅಭ್ಯಾಸ ನಡೆಯಬೇಕು. ಪರರ ಬೀಗವನ್ನು ಅವರ ಒಪ್ಪಿಗೆಯಿಲ್ಲದೆ ತೆರೆಯುವ ಕಸುಬುದಾರನು ನೆರೆಹೊರೆಯವರ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ. ಆ ವಿಶ್ವಾಸವೇ ಅವನ ವೃತ್ತಿಯ ಬಂಡವಾಳ.