ಸಮಿತಿಯಲ್ಲಿ ಹೊರಗಿನವರ ಕುರ್ಚಿ

ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ 'ಆಂತರಿಕ ಸಮಿತಿ' ಎಂಬ ಫಲಕ ಕಂಡರೆ ಒಮ್ಮೆ ನಿಂತು ಹೆಸರುಗಳನ್ನೆಲ್ಲ ಓದಿ. ಅಧ್ಯಕ್ಷೆ, ಸದಸ್ಯರು ಎಲ್ಲ ಅಲ್ಲಿನ ಸಿಬ್ಬಂದಿಯೇ. ಒಬ್ಬರು ಮಾತ್ರ ಹೊರಗಿನವರು. ಆ ಹೊರಗಿನವರು ಯಾರು, ಯಾವ ಸಂಘಟನೆಯವರು ಎಂದು ವಿಚಾರಿಸುವ ಹಕ್ಕು ನಿಮಗಿದೆ. ಸಮಿತಿಗೆ ಬೆನ್ನೆಲುಬು ಇದೆಯೋ ಇಲ್ಲವೋ ಎಂಬುದು ಹೆಚ್ಚಾಗಿ ಆ ಒಂದು ಹೆಸರಿನಲ್ಲೇ ಗೊತ್ತಾಗುತ್ತದೆ.

ಈ ಸಮಿತಿಯನ್ನು ಕಡ್ಡಾಯ ಮಾಡಿದ್ದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಆ ಕಾಯ್ದೆ, ಜನರ ಬಾಯಲ್ಲಿ 'ಪೋಶ್', ಸರ್ಕಾರ ತಾನಾಗಿ ಕೊಟ್ಟದ್ದಲ್ಲ. ರಾಜಸ್ಥಾನದ ಭಟೇರಿ ಹಳ್ಳಿಯಲ್ಲಿ ಸರ್ಕಾರಿ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ 'ಸಾಥಿನ್' ಆಗಿದ್ದ ಭಂವರಿ ದೇವಿ ಬಾಲ್ಯವಿವಾಹವೊಂದನ್ನು ತಡೆಯಲು ಹೋದರು. ಅದರ ಸೇಡಿಗೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಮಾಡುತ್ತಿದ್ದ ಕೆಲಸವೇ ಆಕೆಯನ್ನು ಅಪಾಯಕ್ಕೆ ದೂಡಿತ್ತು, ಆದರೆ ಕೆಲಸ ಕೊಟ್ಟವರಿಗೆ ಯಾವ ಹೊಣೆಯೂ ಇರಲಿಲ್ಲ. ವಿಶಾಖಾ ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. 1997ರ ಆಗಸ್ಟ್ 13ರಂದು ಬಂದ ತೀರ್ಪಿನ ಮಾರ್ಗಸೂಚಿಗಳೇ ಹದಿನಾರು ವರ್ಷ ಕಾನೂನಿನ ಜಾಗದಲ್ಲಿ ನಿಂತವು. ಕಾಯ್ದೆ ಜಾರಿಯಾದದ್ದು 2013ರ ಡಿಸೆಂಬರ್ 9ರಂದು. ಮಹಿಳಾ ಸಂಘಟನೆಗಳಿಗೆ ಸಮಿತಿಯಲ್ಲಿ ಒಂದು ಕುರ್ಚಿ ಸಿಕ್ಕಿದ್ದು ಈ ಹೋರಾಟದ ಫಲ.

ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಹಲವು ಊರುಗಳಲ್ಲಿ ಶಾಖೆಗಳಿದ್ದರೆ ಪ್ರತಿ ಶಾಖೆಗೂ ಬೇರೆ ಸಮಿತಿ ಇರಬೇಕು. ಬೆಂಗಳೂರಿನ ಕೇಂದ್ರ ಕಚೇರಿಯ ಸಮಿತಿ ಹುಬ್ಬಳ್ಳಿಯ ಶಾಖೆಗೆ ಸಾಕಾಗದು. ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು. ಹೊರಗಿನ ಸದಸ್ಯರು ಮಹಿಳಾ ಪರ ಸಂಘಟನೆಯವರಾಗಿರಬೇಕು, ಇಲ್ಲವೇ ಲೈಂಗಿಕ ಕಿರುಕುಳದ ವಿಷಯ ಬಲ್ಲವರಾಗಿರಬೇಕು. ಮಾಲೀಕರ ಪರಿಚಯದ ಯಾರೋ ಒಬ್ಬರನ್ನು ಕೂರಿಸಿದರೆ ಆಗದು. 2018ರಲ್ಲಿ ದೆಹಲಿ ಹೈಕೋರ್ಟ್ ಒಂದು ವಿಮಾನಯಾನ ಸಂಸ್ಥೆಯ ಪ್ರಕರಣದಲ್ಲಿ ಹೊರಗಿನ ಸದಸ್ಯರ ಅರ್ಹತೆ ಸಾಬೀತಾಗಲಿಲ್ಲವೆಂದು ಸಮಿತಿಯನ್ನೇ ಮತ್ತೆ ರಚಿಸಲು ಹೇಳಿತು. ಆದ್ದರಿಂದ ದೂರು ಕೊಡುವ ದಿನವೇ ಸಮಿತಿ ರಚನೆಯ ಆದೇಶದ ಪ್ರತಿ ಕೇಳಿ ಇಟ್ಟುಕೊಳ್ಳಿ. ಅದನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ಮಾಲೀಕರ ಕರ್ತವ್ಯ. ಅಂದಹಾಗೆ, ಹೊರಗಿನ ಸದಸ್ಯರಿಗೆ ನಿಯಮಗಳು ಗೊತ್ತುಮಾಡಿದ ಭತ್ಯೆ ದಿನಕ್ಕೆ 200 ರೂಪಾಯಿ, ಜೊತೆಗೆ ಪ್ರಯಾಣದ ಖರ್ಚು. ಗಾರೆ ಕೆಲಸದ ಕೂಲಿಗಿಂತಲೂ ಕಡಿಮೆ ಹಣ ಕೊಟ್ಟು ಕಾನೂನು ಬಲ್ಲ, ಅನುಭವವುಳ್ಳ ಕಾರ್ಯಕರ್ತೆಯರು ದಿನವಿಡೀ ಬಂದು ಕೂರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಹತ್ತಕ್ಕಿಂತ ಕಡಿಮೆ ಮಂದಿ ಇರುವ ಕಡೆ ಏನು? ಮನೆಗೆಲಸದವರು, ಸಣ್ಣ ಬಟ್ಟೆ ಅಂಗಡಿಯ ಹುಡುಗಿಯರು, ಟೈಲರಿಂಗ್ ಅಂಗಡಿಯಲ್ಲಿ ಕೂತವರು? ಅಥವಾ ಕಿರುಕುಳ ಕೊಟ್ಟವರು ಖುದ್ದು ಮಾಲೀಕರೇ ಆಗಿದ್ದರೆ? ಇವರಿಗೆಲ್ಲ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ. ತಾಲ್ಲೂಕಿಗೆ, ನಗರಗಳಲ್ಲಿ ವಾರ್ಡಿಗೆ ಒಬ್ಬ ನೋಡಲ್ ಅಧಿಕಾರಿ ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ಮನೆಗೆಲಸದವರ ದೂರಿನಲ್ಲಿ ಮೇಲ್ನೋಟಕ್ಕೆ ಸತ್ಯಾಂಶ ಕಂಡರೆ ಸಮಿತಿ ಅದನ್ನು ಏಳು ದಿನದಲ್ಲಿ ಪೊಲೀಸರಿಗೂ ಕಳಿಸಬೇಕು. ಕಾಗದದಲ್ಲಿ ಇದೆಲ್ಲ ಚೆನ್ನಾಗಿದೆ. ನೋಡಲ್ ಅಧಿಕಾರಿ ಯಾರು ಎಂದು ನಿಮ್ಮ ತಾಲ್ಲೂಕು ಕಚೇರಿಯಲ್ಲಿ ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತಿದೆ ಎಂಬುದು ತಿಳಿಯುತ್ತದೆ. ಕಾಯ್ದೆ ಬಂದು ಹತ್ತು ವರ್ಷವಾದರೂ ಸಮಿತಿಗಳು ಆಗಿಲ್ಲ, ಆದವು ನಡೆಯುತ್ತಿಲ್ಲ ಎಂದು ಸುಪ್ರೀಂ ಕೋರ್ಟೇ 2023ರ ಮೇ ತಿಂಗಳಲ್ಲಿ, ಗೋವಾದ ಪ್ರಕರಣವೊಂದರ ತೀರ್ಪಿನಲ್ಲಿ ಬೇಸರ ತೋಡಿಕೊಂಡಿತು. ದಾರಿ ಸಿಗದಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರದವರೂ ದೂರು ಬರೆಯಲು ಜೊತೆಗೂಡುತ್ತಾರೆ. ಕೇಂದ್ರ ಸರ್ಕಾರದ 'ಶಿ-ಬಾಕ್ಸ್' ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಭಯದಿಂದಲೋ ಅನಾರೋಗ್ಯದಿಂದಲೋ ತಡವಾದರೆ ಕಾರಣ ಬರೆದು ಕೇಳಿ. ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದೂರು ಲಿಖಿತವಾಗಿರಬೇಕು, ಬರೆಯಲು ಬಾರದವರಿಗೆ ಸಮಿತಿಯವರೇ ನೆರವಾಗಬೇಕು. ಆರು ಪ್ರತಿಗಳು, ಸಾಕ್ಷಿಗಳ ಹೆಸರು ವಿಳಾಸ, ವಾಟ್ಸ್‌ಆ್ಯಪ್ ಸಂದೇಶ ಇದ್ದರೆ ಅದರ ಚಿತ್ರ. ಸೂಪರ್‌ವೈಸರ್ ಮೈ ಸವರಿದ್ದಷ್ಟೇ ಕಿರುಕುಳ ಎಂದುಕೊಳ್ಳಬೇಡಿ. ಇಷ್ಟವಿಲ್ಲದ ಅಶ್ಲೀಲ ಮಾತು, ಸನ್ನೆ, ಅಶ್ಲೀಲ ಚಿತ್ರ ತೋರಿಸುವುದು, 'ಮಾತು ಕೇಳಿದರೆ ಬಡ್ತಿ' ಎನ್ನುವುದು ಎಲ್ಲವೂ ಸೇರುತ್ತದೆ. ಕಂಪನಿ ಕಳಿಸುವ ಬಸ್ಸೂ ಕೆಲಸದ ಸ್ಥಳವೇ.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಅಲ್ಲಿಗೆ ಇಬ್ಬರೂ ವಕೀಲರನ್ನು ಕರೆತರುವಂತಿಲ್ಲ. ಈ ನಡುವೆ ದಿನವೂ ಅದೇ ಮನುಷ್ಯನ ಮುಖ ನೋಡುತ್ತ ಕೂರಬೇಕೆಂದೇನಿಲ್ಲ: ನಿಮ್ಮನ್ನೋ ಅವರನ್ನೋ ಬೇರೆ ಕಡೆಗೆ ವರ್ಗಾಯಿಸಲು, ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಲು, ಅವರು ನಿಮ್ಮ ಕೆಲಸದ ವರದಿ ಬರೆಯದಂತೆ ತಡೆಯಲು ಸಮಿತಿಯನ್ನು ಲಿಖಿತವಾಗಿ ಕೇಳಿ. ಕಾಲೇಜಿನಲ್ಲಿ ಇದರ ಅರ್ಥ ದೊಡ್ಡದು, ಗೈಡ್ ಮೇಲೆ ದೂರು ಕೊಟ್ಟ ಪಿಎಚ್.ಡಿ. ವಿದ್ಯಾರ್ಥಿನಿ ಅದೇ ಗೈಡ್ ಕೈಗೆ ಪ್ರಬಂಧ ಒಪ್ಪಿಸಬೇಕಾಗಿಲ್ಲ. ಉನ್ನತ ಶಿಕ್ಷಣಕ್ಕೆ ಯುಜಿಸಿಯ 2015ರ ನಿಯಮಗಳಿವೆ. ವಿದ್ಯಾರ್ಥಿಗಳ ದೂರಾದರೆ ಸಮಿತಿಯಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಅದರಲ್ಲಿ ಇರುವಂತಿಲ್ಲ. ಹುದ್ದೆಯ ಗತ್ತು ಸಮಿತಿಯ ಮೇಜಿನವರೆಗೂ ಬರಬಾರದೆಂದು ಯೋಚಿಸಿದವರು ಕ್ಯಾಂಪಸ್ಸನ್ನು ಚೆನ್ನಾಗಿ ಬಲ್ಲವರೇ ಇರಬೇಕು.

'ಸಾಬೀತಾಗದಿದ್ದರೆ ನನ್ನ ಮೇಲೇ ಕ್ರಮ' ಎಂಬ ಅಂಜಿಕೆಗೆ ಕಾಯ್ದೆಯಲ್ಲೇ ಉತ್ತರವಿದೆ. ದುರುದ್ದೇಶದ ಸುಳ್ಳು ಎಂದು ವಿಚಾರಣೆಯಲ್ಲಿ ರುಜುವಾತಾಗಬೇಕು. ಸಾಕ್ಷ್ಯ ಸಾಲದಿದ್ದದ್ದು ಸುಳ್ಳು ದೂರಾಗದು. ರಾಜಿ ನೀವು ಕೇಳಿದರೆ ಮಾತ್ರ ಆಗಬೇಕು, ಅದರಲ್ಲೂ ದುಡ್ಡು ಕೊಟ್ಟು ಮುಗಿಸುವಂತಿಲ್ಲ. ವರದಿ ಬಂದ 60 ದಿನದಲ್ಲಿ ಮಾಲೀಕರು ಕ್ರಮ ಕೈಗೊಳ್ಳಬೇಕು, ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿ. ಸಮಿತಿಯನ್ನೇ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ.

ಸಮಿತಿಗೆ ಹೋದರೆಂದು ಪೊಲೀಸ್ ಠಾಣೆಯ ಬಾಗಿಲು ಮುಚ್ಚುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಡಿ ಬೇರೆ ದೂರು ಕೊಡಬಹುದು, ನೀವು ಬಯಸಿದರೆ ಅದಕ್ಕೆ ನೆರವಾಗುವುದೂ ಮಾಲೀಕರ ಕರ್ತವ್ಯ. ವಕೀಲರ ಖರ್ಚಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ. ಮಹಿಳೆಯರಿಗೆ ಉಚಿತ ಕಾನೂನು ನೆರವು ಕೊಡಲು ಆದಾಯ ನೋಡುವುದಿಲ್ಲ. ಸಹಾಯವಾಣಿ 15100.